ಕ್ಯೂ ಗಾರ್ಡನ್ಸ್‌ನ ಗೇಟ್ ಲಾಡ್ಜ್, ಏಣಿ ಇಲ್ದೆ ಡ್ರಾಯಿಂಗ್ ಮಾಡಿದ ನನ್ನ ಅನುಭವ

ಲಂಡನ್ನಿನ ಕ್ಯೂ ಗಾರ್ಡನ್ಸ್ ಅನ್ನೋ ಸಸ್ಯೋದ್ಯಾನಕ್ಕೆ ಹೋದೋರು ದೊಡ್ಡ ಗಾಜಿನ ಮನೆಗಳನ್ನ ನೋಡ್ಕೊಂಡು ಬಂದ್ಬಿಡ್ತಾರೆ, ಟೆಂಪರೇಟ್ ಹೌಸ್ ಅನ್ನೋ ಗಾಜಿನ ಮನೆ ಹತ್ರ ಕ್ಯೂ ರೋಡ್ ಕಡೆ ಇರೋ ಕೆಂಪು ಇಟ್ಟಿಗೆ ಲಾಡ್ಜ್ (ಗೇಟ್ ಕಾಯೋನ ಪುಟ್ಟ ಮನೆ) ಮುಂದೆ ನಿಲ್ಲೋರು ಕಮ್ಮಿ. ನಂಗಂತೂ ಇಡೀ ತೋಟದಲ್ಲಿ ಅದೇ ಇಷ್ಟ. 1867ರ ಕಟ್ಟಡ, ಆರ್ಕಿಟೆಕ್ಟ್ ವಿಲಿಯಂ ಈಡನ್ ನೆಸ್‌ಫೀಲ್ಡ್, ಇವರಪ್ಪನೂ ಇದೇ ಕ್ಯೂನಲ್ಲಿ ತೋಟದ ವಿನ್ಯಾಸ ಮಾಡಿದೋರು. ಸುತ್ತಮುತ್ತ ಎಲ್ರೂ ಗಾಥಿಕ್ ಚೂಪು ಕಮಾನು ಕಟ್ತಿದ್ದ ಕಾಲದಲ್ಲಿ ಈಡನ್ ನೆಸ್‌ಫೀಲ್ಡ್ 17ನೇ ಶತಮಾನದ ಇಟ್ಟಿಗೆ ಮನೆಗಳ ಕಡೆ ತಿರುಗಿದ್ರು, ಮುಂದೆ ಕ್ವೀನ್ ಆನ್ ಅಂತ ಹೆಸರಾದ ಶೈಲಿಯ ತೀರಾ ಮೊದಲ ಕಟ್ಟಡಗಳಲ್ಲಿ ಇದೂ ಒಂದು.

ನಾನೂ ಆರ್ಕಿಟೆಕ್ಟೇ, ಇದರ ಎಲಿವೇಶನ್ (ಎದುರಿಂದ ಕಾಣೋ ಮುಖದ ಅಳತೆಯ ಚಿತ್ರ) ಬರೀಬೇಕು ಅಂತ ಆಸೆ. ಏಣಿ ಹಾಕೋ ಹಾಗಿಲ್ಲ, ಬಿಸಿಲಲ್ಲಿ ಲೇಸರ್ ಚುಕ್ಕೆ ಕಾಣಲ್ಲ, ಹಾಗಾಗಿ ಇಟ್ಟಿಗೆ ವರಸೆ (ಅಡ್ಡ ಸಾಲು) ಎಣಿಸೋ ದಾರಿ ಹಿಡಿದೆ. ಗೋಡೆ ಬುಡದಲ್ಲಿ ಒಂದೇ ವರಸೆ ಅಳೀಬೇಡಿ, ಹಳೇ ಇಟ್ಟಿಗೆ ಒಂದೊಂದೂ ಒಂದೊಂದು ದಪ್ಪ ಇರುತ್ತೆ, ಗಾರೆ ಸಮೇತ ಹತ್ತು ವರಸೆಗೆ ಟೇಪ್ ಹಿಡಿದು ಹತ್ತರಿಂದ ಭಾಗಿಸಿದ್ರೆ ಏರುಪೇರು ಸರಿಹೋಗಿ ಒಂದು ನಂಬೋ ಅಳತೆ ಸಿಗುತ್ತೆ, ಆಮೇಲೆ ಝೂಮ್ ಫೋಟೋದಲ್ಲಿ ಚಿಮಣಿ ತುದಿವರೆಗೂ ಎಣಿಸ್ತಾ ಹೋಗಿ ಆ ಅಳತೆಯಿಂದ ಗುಣಿಸೋದು. ಇಂಗ್ಲೆಂಡಿನ ಹಳೇ ಗೋಡೆಗಳಲ್ಲಿ ನಾಲ್ಕು ವರಸೆಗೆ ಹೆಚ್ಚುಕಮ್ಮಿ ಒಂದಡಿ, ತಾಳೆ ನೋಡೋಕೆ ಇದೂ ಸಾಕು.

ಆದ್ರೆ ಅಲಂಕಾರಕ್ಕೆ ಅಂತ ಇಟ್ಟಿಗೆನ ಉಜ್ಜಿ ಕೆತ್ತಿ ಕೂರಿಸಿರೋ ಕಡೆ ಈ ಲೆಕ್ಕ ನಡೆಯಲ್ಲ. ಅಂಥ ಕೆಲಸದಲ್ಲಿ ಸಂದು ದಾರದ ಎಳೆಯಷ್ಟು ಸಣ್ಣ, ತೆಳುವಾದ ಸುಣ್ಣ ಅಷ್ಟೇ ಇರುತ್ತೆ, ಅದಕ್ಕೆ ಆ ಭಾಗಗಳನ್ನ ಪಕ್ಕದ ಸಾದಾ ವರಸೆಗೆ ಹೋಲಿಸಿಯೇ ಬರೀಬೇಕು.

ಚಾವಣಿ ಇನ್ನೂ ಕಷ್ಟ. ಹತ್ರ ನಿಂತು ಕ್ಲಿಕ್ ಮಾಡಿದ್ರೆ ಇಳಿಜಾರು ಕುಗ್ಗಿ ಕಾಣುತ್ತೆ, ಆದಷ್ಟು ದೂರ ಹೋಗಿ ಝೂಮ್ ಮಾಡ್ಬೇಕು. ಪೇಪರ್ ಮೇಲೆ ಬಂದಾಗ್ಲೇ ನೆಸ್‌ಫೀಲ್ಡ್ ಜಾಣತನ ಪೂರ್ತಿ ಅರ್ಥ ಆಗಿದ್ದು: ಗೋಡೆ ಒಂದೇ ಅಂತಸ್ತು, ಅದರ ಮೇಲೆ ನಾಲ್ಕೂ ಕಡೆಯಿಂದ ಕಡಿದಾಗಿ ಏರೋ ಹೆಂಚಿನ ಚಾವಣಿ, ಅದರಲ್ಲಿ ಡಾರ್ಮರ್ ಕಿಟಕಿ (ಇಳಿಜಾರಿಂದ ಹೊರಚಾಚಿದ ಕಿಟಕಿ), ನೆತ್ತಿ ಮೇಲೆ ಮನೆಗೆ ಮೀರಿದ ಗಾತ್ರದ ಒಂದೇ ಚಿಮಣಿ. ಒಳಗಿರೋನಿಗೆ ಬೇಕಾಗಿದ್ದು ಪುಟ್ಟ ಮನೆ, ಆದ್ರೆ ರಸ್ತೆಯಿಂದ ಬರೋರಿಗೆ ಅದು ದೊಡ್ಡ ತೋಟದ ಬಾಗಿಲು ಅನ್ನಿಸ್ಬೇಕಲ್ಲ, ಆ ಗತ್ತನ್ನೆಲ್ಲ ಚಾವಣಿ ಚಿಮಣಿಗೇ ಕೊಟ್ಟಿದಾರೆ.

ಬರೆಯೋ ಮನಸ್ಸಿದ್ರೆ ಎಲೆ ಉದುರಿದ ಚಳಿಗಾಲದಲ್ಲಿ, ಮೋಡ ಇರೋ ದಿನ ಹೋಗಿ. ನೆರಳು ಬೀಳದೆ ವರಸೆ ಸ್ಪಷ್ಟವಾಗಿ ಕಾಣುತ್ತೆ.