ಲೈನ್‌ಮನೆಗೆ ಮಳೆ ಎಚ್ಚರಿಕೆ ಮುಟ್ಟಿಸುವುದು: ನನ್ನ ಅನುಭವ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದಾಗ ನಾನು ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡಿದೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆಯಿಂದ ಬಂದವರು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಏನೇ ಮಾತಾಡಲಿ, ಕನ್ನಡ ಬರುತ್ತಿತ್ತು. ಕಷ್ಟವಾದದ್ದು ಕಾಫಿ ತೋಟದ ಲೈನ್‌ಮನೆಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಇದ್ದ ಅಸ್ಸಾಂ, ಬಂಗಾಳದ ಕಾರ್ಮಿಕರಿಗೆ. ಯಾವ ರಸ್ತೆ ಮುಚ್ಚಿದೆ, ಎಲ್ಲಿಗೆ ಹೋಗಬೇಕು, ಏನೂ ತಿಳಿಯದೆ ಕೂತಿದ್ದರು. ಆಮೇಲೆ ನಾವು ಕೆಲವರು ಸೇರಿ ಮಳೆಗಾಲದ ಎಚ್ಚರಿಕೆಗಳನ್ನು ಅವರ ಭಾಷೆಗೆ ತರಲು ಶುರು ಮಾಡಿದೆವು.

ಬಂದ ಪ್ರಕಟಣೆಯನ್ನು ಮೊದಲು ಆಡುಮಾತಿನ ಕನ್ನಡಕ್ಕೇ ಇಳಿಸುತ್ತೇವೆ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಅದು ಅತ್ಯಂತ ಭಾರೀ ಮಳೆ. ನಮ್ಮ ತೋಟದವರು ಮಳೆ ಅಳೆಯುವುದು ಇಂಚಿನಲ್ಲಿ. ಎಂಟು ಇಂಚು ಅಂದರೆ ಸಾಕು, ಅವರಿಗೆ ಎದೆ ಧಸಕ್ಕೆನ್ನುತ್ತೆ. ಹೊಸದಾಗಿ ಬಂದ ಕಾರ್ಮಿಕನಿಗೆ ಎರಡೂ ಬರೀ ಅಂಕಿ, ಅಲ್ವಾ? ಹಾಗಾಗಿ ಅಂಕಿ ಬಿಟ್ಟು, ಏನು ಮಾಡಬೇಕು ಅನ್ನುವುದನ್ನು ಹೇಳುತ್ತೇವೆ. "ಇವತ್ತು ರಾತ್ರಿ ಬರೆ ಕೆಳಗಿನ ಮನೆಯಲ್ಲಿ ಮಲಗಬೇಡಿ. ಕತ್ತಲಾಗುವ ಮೊದಲೇ ಶಾಲೆಗೆ ಹೋಗಿ. ನೆಲ ಬಿರುಕು ಬಿಟ್ಟರೆ, ಮರ ವಾಲಿದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಸಾಮಾನು ನೋಡುತ್ತಾ ನಿಲ್ಲಬೇಡಿ."

ಬರೆದು ಕಳಿಸುವುದಕ್ಕಿಂತ ಮಾತು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುವುದು ಒಳ್ಳೆಯದು. ಓದು ಬಾರದವರು ಬಹಳ ಜನ ಇದ್ದಾರೆ. ದನಿ ಕೂಡ ಅವರಿಗೆ ಪರಿಚಯದ್ದೇ ಆಗಿರಬೇಕು. ನಾವು ಪ್ರತಿ ತೋಟದಲ್ಲೂ ಕನ್ನಡ ಅಥವಾ ಹಿಂದಿ ಬಲ್ಲ ಒಬ್ಬ ಕಾರ್ಮಿಕನನ್ನು ಹುಡುಕಿ, ಅವನಿಂದಲೇ ಅಸ್ಸಾಮಿಯಲ್ಲೋ ಬಂಗಾಳಿಯಲ್ಲೋ ಹೇಳಿಸುತ್ತೇವೆ. ಹೇಳಿದ್ದನ್ನು ಬೇರೊಬ್ಬರಿಗೆ ಕೇಳಿಸಿ, "ಏನು ಅರ್ಥವಾಯಿತು, ಈಗ ಏನು ಮಾಡ್ತೀಯಾ?" ಅಂತ ಕೇಳುತ್ತೇವೆ. ಎಷ್ಟೇ ಅವಸರವಿದ್ದರೂ ಇದನ್ನು ಬಿಡುವುದಿಲ್ಲ.

ಪ್ರತಿ ಸಂದೇಶದ ಶುರುವಿನಲ್ಲೇ ತಾರೀಖು, ಗಂಟೆ ಹೇಳುತ್ತೇವೆ. ಇಲ್ಲದಿದ್ದರೆ ಹಳೇ ಎಚ್ಚರಿಕೆ ಮಾರನೇ ದಿನವೂ ಫೋನಿಂದ ಫೋನಿಗೆ ಓಡಾಡಿ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಕೊನೆಯಲ್ಲಿ 112 ಮತ್ತು ಜಿಲ್ಲಾ ಕಂಟ್ರೋಲ್ ರೂಮಿನ 1077, ಒಂದೊಂದೇ ಅಂಕಿಯಾಗಿ, ಎರಡು ಸಲ.

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಮೊಬೈಲ್ ಎಚ್ಚರಿಕೆಯ ಪರೀಕ್ಷೆ ನಡೆದಾಗ ಫೋನುಗಳು ಜೋರಾಗಿ ಕೂಗಿಕೊಂಡವು. ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಕೂಗಿದ ಮೇಲೆ ಪರದೆ ಮೇಲಿರುವುದನ್ನು ಓದಲಾಗದವನಿಗೆ ಯಾರಾದರೂ ಹೇಳಲೇಬೇಕು. ಅದಕ್ಕೇ ನಾನು ಪ್ರತಿ ಪಂಚಾಯಿತಿಯಲ್ಲೂ ಕೇಳಿಕೊಳ್ಳುವುದು ಒಂದೇ: ಯಾವ ಲೈನ್‌ಮನೆಯಲ್ಲಿ ಯಾವ ಭಾಷೆಯವರಿದ್ದಾರೆ, ಅವರಿಗೆ ಹೇಳಬಲ್ಲವರು ಯಾರು, ಅವರ ಫೋನ್ ನಂಬರ್ ಏನು ಅನ್ನುವ ಪಟ್ಟಿ ಮೇ ತಿಂಗಳೊಳಗೇ ಸಿದ್ಧವಾಗಬೇಕು. ಕಾಫಿ ಕೊಯ್ಲು ಮುಗಿದ ಮೇಲೆ ಬಹಳಷ್ಟು ಕಾರ್ಮಿಕರು ತೋಟ ಬದಲಾಯಿಸುತ್ತಾರೆ. ಹಿಂದಿನ ವರ್ಷದ ಪಟ್ಟಿ ನಡೆಯುವುದಿಲ್ಲ.