ಗ್ರೈಂಡರ್ ಗಾರ್ಡ್ ಎಲ್ಲಿ ಹೋಯ್ತು? ಸುರಕ್ಷತೆಯ ಮಾತು ಆಡುವುದು ಹೇಗೆ

ಒಂದು ಕೆಲಸದ ಜಾಗ ಎಷ್ಟು ಸುರಕ್ಷಿತ ಅಂತ ತಿಳಿಯಬೇಕಾದರೆ ಗೋಡೆಯ ಮೇಲಿನ ಪೋಸ್ಟರ್ ನೋಡಬೇಡಿ. ಯಾರಾದರೂ ‘ಇಲ್ಲೇನೋ ಸರಿಯಿಲ್ಲ’ ಅಂದಾಗ ಮೇಲಿನವರು ಏನು ಉತ್ತರ ಕೊಡುತ್ತಾರೆ, ಅದನ್ನು ಕೇಳಿಸಿಕೊಳ್ಳಿ. ‘ನಿನ್ ಕೆಲಸ ನೀನು ನೋಡ್ಕೋ’ ಅಂತ ಒಂದು ಸಲ ಅಂದರೆ ಸಾಕು, ಆ ಮಾತು ಊಟದ ಹೊತ್ತಿಗೆ ಇಡೀ ಶಿಫ್ಟಿಗೆ ಗೊತ್ತಾಗಿರುತ್ತದೆ. ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

1986ರ ಚೆರ್ನೋಬಿಲ್ ಅಣು ದುರಂತದ ನಂತರ ‘ಸೇಫ್ಟಿ ಕಲ್ಚರ್’ (ಸುರಕ್ಷತೆಯ ಸಂಸ್ಕೃತಿ) ಅನ್ನುವ ಮಾತು ಜಗತ್ತಿನೆಲ್ಲೆಡೆ ಓಡಾಡತೊಡಗಿತು. ಕೇಳುವುದಕ್ಕೆ ದೊಡ್ಡ ಮಾತು. ಆದರೆ ಅದು ತಯಾರಾಗುವುದು ಸೂಪರ್‌ವೈಸರ್ ಮತ್ತು ಕೆಲಸಗಾರರ ನಡುವಿನ ಎರಡು ನಿಮಿಷದ ಮಾತುಕತೆಯಲ್ಲಿ. ಆ ಎರಡು ನಿಮಿಷವನ್ನು ಹೇಗೆ ಬಳಸಬೇಕು? ಒಂದು ಉದಾಹರಣೆ ಹಿಡಿದು ನೋಡೋಣ. ಆಪರೇಟರ್ ಒಬ್ಬರು ಗಾರ್ಡ್ ಬಿಚ್ಚಿದ ಗ್ರೈಂಡರ್‌ನಲ್ಲಿ ಕಬ್ಬಿಣ ಕತ್ತರಿಸುತ್ತಿದ್ದಾರೆ. ಗ್ರೈಂಡರ್ ಅಂದರೆ ಇಲ್ಲಿ ತಿರುಗುವ ಡಿಸ್ಕಿನಿಂದ ಲೋಹ ಕತ್ತರಿಸುವ ಕೈ ಮೆಷಿನ್, ಗಾರ್ಡ್ ಅಂದರೆ ಆ ಡಿಸ್ಕಿಗೆ ಹಾಕುವ ರಕ್ಷಣೆಯ ಕವಚ. ನೀವು ಅಲ್ಲಿನ ಸೂಪರ್‌ವೈಸರ್.

ಹಂತ 1: ಮೊದಲು ಅಪಾಯ ನಿಲ್ಲಲಿ

ಹಿಂದಿನಿಂದ ಬಂದು ಕೂಗಬೇಡಿ, ಹೆಗಲು ಮುಟ್ಟಬೇಡಿ. ಬೆಚ್ಚಿಬಿದ್ದರೆ ಡಿಸ್ಕ್ ಕೈಗೋ ಕಾಲಿಗೋ ತಗಲುತ್ತದೆ. ದೂರದಲ್ಲೇ ಅವರ ಕಣ್ಣಿಗೆ ಬೀಳುವ ಹಾಗೆ ನಿಂತು ಕೈ ಸನ್ನೆ ಮಾಡಿ. ಸ್ವಿಚ್ ಬಿಟ್ಟ ಮೇಲೂ ಡಿಸ್ಕ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಅವರನ್ನು ನಾಲ್ಕು ಹೆಜ್ಜೆ ಪಕ್ಕಕ್ಕೆ ಕರೆಯಿರಿ. ಹತ್ತು ಜನರ ಮುಂದೆ ಬೈಸಿಕೊಂಡವರಿಗೆ ನೆನಪಿರುವುದು ಬೈಗುಳ ಮಾತ್ರ. ಗಾರ್ಡ್ ವಿಷಯ ಅಲ್ಲೇ ಮರೆತುಹೋಗಿರುತ್ತದೆ.

ಹಂತ 2: ಹೇಳುವ ಮೊದಲು ಕೇಳಿ

ಎಲ್ಲರೂ ಎಡವುವುದು ಇಲ್ಲೇ. ಕಂಡ ತಕ್ಷಣ ‘ಬುದ್ಧಿ ಇಲ್ವಾ?’ ಅಂತ ಶುರು ಮಾಡುತ್ತೇವೆ. ಅದಕ್ಕೆ ಬರುವ ಉತ್ತರ ‘ಸಾರಿ ಸರ್’. ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು ಹೀಗೆ ಕೇಳಿ ನೋಡಿ:

‘ಗಾರ್ಡ್ ಕಾಣ್ತಿಲ್ವಲ್ಲ, ಏನಾಯ್ತು?’

‘ಈ ಡಿಸ್ಕ್ ಹಾಕಿದ್ರೆ ಗಾರ್ಡ್ ಕೂರಲ್ಲ ಸರ್.’

‘ಯಾಕೆ ಕೂರಲ್ಲ?’

‘ಡಿಸ್ಕ್ 7 ಇಂಚಿಂದು, ಮೆಷಿನ್ 5 ಇಂಚಿಂದು. ಸ್ಟೋರಲ್ಲಿ 5 ಇಂಚಿನ ಡಿಸ್ಕ್ ಖಾಲಿ.’

‘ಯಾವತ್ತಿಂದ?’

‘ಹೋದ ವಾರದಿಂದ. ಸಂಜೆಯೊಳಗೆ ಮುಗೀಲೇಬೇಕು ಅಂತ ನೀವೇ ಹೇಳಿದ್ರಲ್ಲ ಸರ್.’

ಕೊನೆಯ ಮಾತು ಕೇಳಿ ಮುಖ ಕೆಂಪಾದರೂ ಪರವಾಗಿಲ್ಲ, ಬಾಯಿ ಬಿಗಿ ಹಿಡಿಯಿರಿ. ‘ಗಾರ್ಡ್ ಬಿಚ್ಚಿದ ಬೇಜವಾಬ್ದಾರಿ ಮನುಷ್ಯ’ ಅಂತ ಅಂದುಕೊಂಡಿದ್ದಿರಿ. ಈಗ ಸ್ಟೋರಿನ ಸಮಸ್ಯೆ ಹೊರಗೆ ಬಂತು, ನಿಮ್ಮದೇ ಅವಸರವೂ ಹೊರಗೆ ಬಂತು. ಗದರಿಸಿದ್ದರೆ ಇವೆರಡೂ ಗೊತ್ತೇ ಆಗುತ್ತಿರಲಿಲ್ಲ. ನಾಳೆ ಇನ್ನೊಬ್ಬರು ಅದೇ 7 ಇಂಚಿನ ಡಿಸ್ಕ್ ಹಾಕುತ್ತಿದ್ದರು.

ಹಂತ 3: ಕಂಡದ್ದನ್ನು ಹೇಳಿ, ಸ್ವಭಾವದ ತಂಟೆಗೆ ಹೋಗಬೇಡಿ

‘ನೀವು ಯಾವಾಗ್ಲೂ ಇಷ್ಟೇ’ ಅನ್ನುವ ಮಾತಿನಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಏನು ಕಂಡಿತು, ಅದರಿಂದ ಏನಾಗಬಹುದು, ಇಷ್ಟು ಹೇಳಿ. 7 ಇಂಚಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 8,500 ಸುತ್ತಿನವರೆಗೆ ಮಾತ್ರ ತಡೆಯುತ್ತದೆ. 5 ಇಂಚಿನ ಗ್ರೈಂಡರ್‌ಗಳು ಸುಮಾರು 11,000 ಸುತ್ತು ತಿರುಗುತ್ತವೆ. ಅಷ್ಟು ವೇಗದಲ್ಲಿ ಡಿಸ್ಕ್ ಒಡೆದು ಚೂರುಗಳು ಸಿಡಿಯಬಹುದು. ಆ ಚೂರುಗಳನ್ನು ತಡೆಯಬೇಕಾದ ಗಾರ್ಡ್ ಇವತ್ತು ಬೆಂಚಿನ ಮೇಲೆ ಬಿದ್ದಿದೆ. ಡಿಸ್ಕಿನ ಮೇಲೆ ಬರೆದಿರುವ ವೇಗವನ್ನು ಅವರಿಂದಲೇ ಓದಿಸಿ, ಮೆಷಿನ್ನಿನ ಮೇಲಿರುವುದನ್ನೂ ಓದಿಸಿ. ಭಾಷಣ ಬೇಕಾಗುವುದಿಲ್ಲ.

ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಅಂತ ಕೆಲವು ತರಬೇತಿಗಳಲ್ಲಿ ಕಲಿಸುತ್ತಾರೆ. ನನಗಂತೂ ಇದು ಹಿಡಿಸುವುದಿಲ್ಲ. ಸ್ವಲ್ಪ ದಿನ ಕಳೆದರೆ, ನೀವು ಹೊಗಳಲು ಬಾಯಿ ತೆರೆದ ಕೂಡಲೇ ‘ಈಗೇನು ಕಾದಿದೆಯೋ’ ಅಂತ ಜನ ಹುಷಾರಾಗುತ್ತಾರೆ. ಹೊಗಳಬೇಕಾದ್ದನ್ನು ಬೇರೆ ಹೊತ್ತಲ್ಲಿ, ನಿಜವಾಗಿ ಚೆನ್ನಾಗಿ ಮಾಡಿದಾಗ ಹೊಗಳಿ.

ಹಂತ 4: ಏನಾಯ್ತು ಅಂತ ವಾಪಸ್ ಬಂದು ಹೇಳಿ

ಯಾರು ಏನು ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಅಂತ ಅಲ್ಲೇ ಮಾತಾಡಿಕೊಳ್ಳಿ. ಸರಿಯಾದ ಡಿಸ್ಕ್ ಬರುವವರೆಗೆ ಆ ಕೆಲಸ ನಿಲ್ಲುತ್ತದೆ, ಸಂಜೆಯ ಗಡುವನ್ನು ನೀವು ಮುಂದಕ್ಕೆ ಹಾಕಿಸುತ್ತೀರಿ, ಸ್ಟೋರಿನವರ ಹತ್ತಿರ ಇವತ್ತೇ ಮಾತಾಡುತ್ತೀರಿ. ಇಷ್ಟಾದರೂ ಕೆಲಸ ಅರ್ಧ ಮಾತ್ರ ಆಗಿದೆ. ನಾಳೆ ಅದೇ ಆಪರೇಟರ್ ಹತ್ತಿರ ಹೋಗಿ, ‘ಡಿಸ್ಕ್ ಆರ್ಡರ್ ಆಗಿದೆ, ಗುರುವಾರ ಬರುತ್ತೆ’ ಅಂತ ತಿಳಿಸಬೇಕು. ಆಗದಿದ್ದರೆ ‘ಆಗಲಿಲ್ಲ, ಕಾರಣ ಇದು’ ಅಂತಲಾದರೂ ಹೇಳಬೇಕು. ದೂರು ಪೆಟ್ಟಿಗೆಗಳು ಖಾಲಿ ಇರುವುದು ಜನಕ್ಕೆ ದೂರುಗಳಿಲ್ಲ ಅಂತಲ್ಲ. ಹಾಕಿದ ಚೀಟಿ ಎಲ್ಲಿಗೆ ಹೋಯಿತು ಅಂತ ಯಾರಿಗೂ ಗೊತ್ತಾಗದೇ ಇರುವುದರಿಂದ.

ಹಂತ 5: ಕೆಳಗಿನಿಂದ ಬಂದ ಮಾತಿಗೆ ಕಿವಿ ಕೊಡಿ

ಇಲ್ಲಿಯವರೆಗೆ ಮೇಲಿನವರು ಕೆಳಗಿನವರಿಗೆ ಹೇಳುವ ಮಾತಾಯಿತು. ಜೀವ ಉಳಿಸುವ ಮಾತು ಎಷ್ಟೋ ಸಲ ಉಲ್ಟಾ ದಿಕ್ಕಿನಲ್ಲಿ ಬರುತ್ತದೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ದಟ್ಟ ಮಂಜು. ಕೆಎಲ್‌ಎಂ ವಿಮಾನ ಟೇಕಾಫ್‌ಗೆ ಓಟ ಶುರು ಮಾಡಿತ್ತು. ಎದುರಿನ ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟು ಹೋಗಿದೆಯೋ ಇಲ್ಲವೋ ಅಂತ ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು, ಕೇಳಿಯೂ ಕೇಳಿದರು. ಹೋಗಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಅವರು ಆ ಕಂಪನಿಯ ಅತಿ ಹಿರಿಯ ಪೈಲಟ್‌ಗಳಲ್ಲಿ ಒಬ್ಬರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾರಣಗಳು ಬೇರೆಯೂ ಇದ್ದವು. ಆದರೂ ಹಿರಿಯರನ್ನು ಪ್ರಶ್ನಿಸುವುದನ್ನು ಕಿರಿಯರಿಗೆ, ಅದನ್ನು ಕೇಳಿಸಿಕೊಳ್ಳುವುದನ್ನು ಕ್ಯಾಪ್ಟನ್‌ಗಳಿಗೆ ಕಲಿಸುವ ತರಬೇತಿ ವಿಮಾನಯಾನದಲ್ಲಿ ಬೆಳೆದದ್ದು ಇಂಥ ದುರಂತಗಳ ನಂತರ.

ಕಿರಿಯರು ಸುತ್ತಿ ಬಳಸಿ ಹೇಳಬಾರದು. ‘ಸರ್, ಕ್ರೇನಿನ ಹಗ್ಗದ ಎಳೆಗಳು ಕಿತ್ತಿವೆ. ಭಾರ ಎತ್ತಿದರೆ ತುಂಡಾಗುತ್ತೆ. ಮೊದಲು ನಿಲ್ಲಿಸಿ ನೋಡೋಣ.’ ಕೇಳದಿದ್ದರೆ ಇನ್ನೂ ಜೋರಾಗಿ, ‘ನಿಲ್ಲಿಸಿ!’ ಇನ್ನು ಹಿರಿಯರ ಬಾಯಿಂದ ಬರಬೇಕಾದ ಮೊದಲ ಮಾತು: ‘ಹೇಳಿದ್ದು ಒಳ್ಳೇದಾಯ್ತು.’ ನೋಡಿದಾಗ ಹಗ್ಗ ಸರಿಯಾಗಿಯೇ ಇದ್ದರೂ ಇದೇ ಮಾತು.

ಅಂಕಿ ನೋಡಿ ಮೋಸ ಹೋಗಬೇಡಿ

ಇಂಥ ಮಾತುಕತೆ ಶುರುವಾದ ಮೇಲೆ ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನುವ ವರದಿಗಳು ಜಾಸ್ತಿಯಾಗಬಹುದು. ಗಾಬರಿ ಬೇಡ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪುಗಳು ದಾಖಲಾಗಿದ್ದವು. ಅಲ್ಲಿ ಜನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಅನ್ನುವುದು ಅವರು ಕಂಡುಕೊಂಡ ವಿವರಣೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ರಿಗ್‌ಗೆ ದೊಡ್ಡ ಅಧಿಕಾರಿಗಳು ಬಂದಿದ್ದರು. ಗಾಯಗೊಂಡು ಕೆಲಸ ತಪ್ಪಿಸಿದವರೇ ಇಲ್ಲದೆ ಅಲ್ಲಿ 7 ವರ್ಷ ಕಳೆದಿತ್ತು, ಅದನ್ನು ಮೆಚ್ಚಿ ಮಾತಾಡಿದರು. ಅದೇ ರಾತ್ರಿ ರಿಗ್ ಸ್ಫೋಟಿಸಿ 11 ಜನ ಸತ್ತರು. ‘ಅಪಘಾತ ಸೊನ್ನೆ’ ಆದರೆ ಇಡೀ ತಂಡಕ್ಕೆ ಬಹುಮಾನ ಅನ್ನುವ ಕಡೆ, ಬೆರಳು ಕುಯ್ದುಕೊಂಡವರು ಜೇಬಿನಲ್ಲಿ ಕೈ ಇಟ್ಟುಕೊಂಡು ಮನೆಗೆ ಹೋಗುತ್ತಾರೆ, ಅಲ್ವಾ?

ಹಾಗಂತ ಎಲ್ಲಕ್ಕೂ ಮಾತುಕತೆಯೇ ಮದ್ದಲ್ಲ. ಕುಡಿದು ಕ್ರೇನ್ ಹತ್ತಿದವರನ್ನು ಮೊದಲು ಇಳಿಸಬೇಕು. ಶಿಸ್ತು ಕ್ರಮ ಇರುವುದೇ ಅಂಥದ್ದಕ್ಕೆ.

ಇದನ್ನೆಲ್ಲ ಶುರು ಮಾಡಲು ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗ್, ಅಂದರೆ ಕೆಲಸಕ್ಕೆ ಮುಂಚೆ ಸುರಕ್ಷತೆಯ ಬಗ್ಗೆ ನಡೆಸುವ ಚಿಕ್ಕ ಸಭೆ, ಒಳ್ಳೆಯ ಜಾಗ. ‘ಏನಾದ್ರೂ ತೊಂದರೆ ಇದೆಯಾ?’ ಅಂತ ಕೇಳಿದರೆ ‘ಏನಿಲ್ಲ ಸರ್’ ಅಂತಾರೆ. ‘ಇವತ್ತಿನ ಕೆಲಸದಲ್ಲಿ ಕೈ ಸಿಕ್ಕಿಕೊಳ್ಳೋ ಜಾಗ ಯಾವುದು?’ ಅಂತ ಕೇಳಿ, ಸುಮ್ನೆ ಕಾಯಿರಿ. ಮೊದಮೊದಲು ಯಾರೂ ಮಾತಾಡಲಿಕ್ಕಿಲ್ಲ. ಯಾರಾದರೂ ಹೇಳಿದ್ದನ್ನು ಅವರ ಎದುರಿಗೇ ಬರೆದುಕೊಳ್ಳಿ, ಮರುದಿನದ ಮೀಟಿಂಗ್ ಆ ಸಾಲಿನಿಂದಲೇ ಶುರು ಮಾಡಿ.