ಹಳೆಯ ಕನ್ನಡ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವ ಮುನ್ನ: ಹಕ್ಕು ತೀರಿದೆಯೇ ಎಂದು ನೋಡುವ ಬಗೆ

ಸಾವಿರ ಪ್ರತಿ ಅಚ್ಚಾಗಿ, ಮತ್ತೆ ಮುದ್ರಣ ಕಾಣದೆ ಮರೆಯಾದ ಕನ್ನಡ ಪುಸ್ತಕಗಳು ಬಹಳ. ಕಾಗದ ಮಡಿಸಿದಲ್ಲೇ ಮುರಿಯುತ್ತಿರುತ್ತದೆ, ಕೃತಿಸ್ವಾಮ್ಯ (ಕಾಪಿರೈಟ್) ಮಾತ್ರ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಗಟ್ಟಿ. ಇದರಿಂದ ಹಕ್ಕು ತೀರಿದ ಪುಸ್ತಕವನ್ನೂ ಹೆದರಿ ಮುಟ್ಟದವರಿದ್ದಾರೆ. ಹಕ್ಕಿರುವುದನ್ನು ಯಾರನ್ನೂ ಕೇಳದೆ ಪಿಡಿಎಫ್ ಮಾಡಿ ಹಂಚುವವರೂ ಇದ್ದಾರೆ. ಅರ್ಧ ಗಂಟೆ ಕೂತು ಲೆಕ್ಕ ಹಾಕಿದರೆ ಎರಡನ್ನೂ ತಪ್ಪಿಸಬಹುದು.

ಮೊದಲು ಬೇಕಾದದ್ದು ಲೇಖಕರು ತೀರಿಕೊಂಡ ವರ್ಷ. 1957ರ ಕೃತಿಸ್ವಾಮ್ಯ ಕಾಯ್ದೆಯ 22ನೇ ಕಲಮಿನ ಪ್ರಕಾರ ಎಣಿಕೆ ಶುರುವಾಗುವುದು ಅದರ ಮುಂದಿನ ವರ್ಷದ ಜನವರಿ 1ರಿಂದ. ಗೋವಿಂದ ಪೈ, ತ್ರಿವೇಣಿ ಇಬ್ಬರೂ ತೀರಿಕೊಂಡಿದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಡಿವಿಜಿ ತೀರಿಕೊಂಡಿದ್ದು 1975ರಲ್ಲಿ, ಅವರ ಪುಸ್ತಕಗಳಿಗೆ 2036ರ ಜನವರಿ 1ರವರೆಗೆ ಕಾಯಬೇಕು. ಎಲ್ಲಾದರೂ 50 ವರ್ಷ ಎಂದು ಓದಿದ್ದರೆ ಅದು ಹಳೆಯ ಲೆಕ್ಕ. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1991ರ ಕೊನೆಯಲ್ಲಿ, ಅದನ್ನು 60ಕ್ಕೆ ಏರಿಸಲಾಯಿತು.

‘ಬದುಕಿದ್ದಾಗ ಪ್ರಕಟವಾದ’ ಎಂಬುದನ್ನು ಮರೆಯಬೇಡಿ. ಲೇಖಕರು ಹೋದ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ 60 ವರ್ಷ ಪ್ರಕಟಣೆಯಿಂದ ಶುರು. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಬೇಕು. ಸರ್ಕಾರದ ಪ್ರಕಟಣೆಗಳಿಗೂ ಪ್ರಕಟಣೆಯ ವರ್ಷವೇ ಆಧಾರ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಪುಸ್ತಕ ಒಂದೇ ಆದರೂ ಅದರೊಳಗೆ ಹಲವರ ಹಕ್ಕಿರುತ್ತದೆ. ಶೀರ್ಷಿಕೆ ಪುಟದ ಹಿಂಬದಿಯನ್ನೂ ಮುನ್ನುಡಿಯ ಕೊನೆಯ ಸಾಲನ್ನೂ ನೋಡಿ: ಅನುವಾದಕರು ಯಾರು, ಮುಖಪುಟ ಚಿತ್ರ ಯಾರದು, ಟಿಪ್ಪಣಿ ಬರೆದವರು ಯಾರು? ಒಬ್ಬೊಬ್ಬರಿಗೂ ಬೇರೆ ಲೆಕ್ಕ. ಪಂಪನ ಪದ್ಯ ಎಲ್ಲರದು, ಆದರೆ ಅದರ ಕೆಳಗಿನ ಗದ್ಯಾನುವಾದ ಸಂಪಾದಕರದು. ಬರೀ ಮರುಮುದ್ರಣದಿಂದ ಮೂಲಪಠ್ಯಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ, ಹೊಸ ಮುನ್ನುಡಿಗೆ ಹುಟ್ಟುತ್ತದೆ. ಹಾಗಾಗಿ ಸಿಕ್ಕಷ್ಟೂ ಹಳೆಯ ಮುದ್ರಣವನ್ನೇ ಸ್ಕ್ಯಾನ್ ಮಾಡಿ. ಸಂಶಯವಿರುವ ಮುಖಪುಟ, ಮುನ್ನುಡಿಗಳನ್ನು ಬಿಡಿ.

ಹಕ್ಕು ಇನ್ನೂ ಇದ್ದರೆ ಯಾರನ್ನು ಕೇಳಬೇಕು? ಪ್ರಕಾಶಕರು ‘ನಮ್ಮದೇ’ ಎಂದರೆ ಒಪ್ಪಂದ ಪತ್ರ ತೋರಿಸಲು ವಿನಯದಿಂದ ಕೇಳಿ. ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಆಗಬೇಕು. 1995ರ ಮೇ 10ರಿಂದೀಚೆಗಿನ ಒಪ್ಪಂದದಲ್ಲಿ ಅವಧಿ ನಮೂದಿಸದಿದ್ದರೆ 19ನೇ ಕಲಮಿನಂತೆ ಐದೇ ವರ್ಷ; ಅದಕ್ಕೂ ಹಿಂದಿನ ಒಪ್ಪಂದಗಳಿಗೆ ಈ ಮಿತಿ ಅನ್ವಯಿಸದು. ಒಪ್ಪಂದದ ಅವಧಿ ಮುಗಿದ ಮೇಲೆ ಹಕ್ಕು ಲೇಖಕರ ಮನೆಯವರಿಗೆ ಮರಳುತ್ತದೆ. ಅವರಿಗೆ ಬರೆಯುವ ಪತ್ರದಲ್ಲಿ ಪುಸ್ತಕದ ಹೆಸರು, ಮುದ್ರಣದ ವರ್ಷ, ಎಲ್ಲಿ ಹಾಕುತ್ತೀರಿ, ಉಚಿತವೋ ಅಲ್ಲವೋ ಎಲ್ಲವೂ ಸ್ಪಷ್ಟವಾಗಿರಲಿ. ಒಬ್ಬ ಮಗನ ಸಹಿ ಸಾಲದು. ವಾರಸುದಾರರೆಲ್ಲರ ಸಹಿ ಇಲ್ಲದಿದ್ದರೆ ನಾಳೆ ಮಗಳು ತಕರಾರು ತೆಗೆದಾಗ ನಿಮ್ಮ ಕೆಲಸವೆಲ್ಲ ನಿಲ್ಲುತ್ತದೆ.

ಅನುಮತಿ ಸಿಗದಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡಿಸಿಕೊಳ್ಳಬಹುದು. ಕಣ್ಣು ಕಾಣದವರಿಗಾಗಿ ಬ್ರೈಲ್, ಆಡಿಯೊ ರೂಪ ಮಾಡಿ ಲಾಭವಿಲ್ಲದೆ ಕೊಡಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ನಮ್ಮ ಊರಿನ ಗ್ರಂಥಾಲಯಗಳು ಇವೆರಡನ್ನೂ ಧೈರ್ಯವಾಗಿ ಬಳಸಬೇಕು.

ಸ್ಕ್ಯಾನಿಂಗ್‌ಗೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಕನಿಷ್ಠ. ಸಣ್ಣ ಅಕ್ಷರದ ಅಡಿಟಿಪ್ಪಣಿ ಇದ್ದರೆ 400 ಇಡಿ. ಇಲ್ಲದಿದ್ದರೆ ಒತ್ತಕ್ಷರಗಳು ಮಸುಕಾಗಿ, ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯವಾಗಿಸುವ ತಂತ್ರಾಂಶ) ‘ತ್ತ’ವನ್ನು ‘ತ್ರ’ ಎಂದು ಓದಿಬಿಡುತ್ತದೆ. ಬೆನ್ನು ಒಣಗಿದ ಪುಸ್ತಕವನ್ನು ಗಾಜಿನ ಮೇಲೆ ಒತ್ತಬೇಡಿ, ಹೊಲಿಗೆ ಬಿಡುತ್ತದೆ. ಅರ್ಧ ತೆರೆದಿಟ್ಟು ಮೇಲಿಂದ ಫೋಟೊ ತೆಗೆಯಿರಿ.

ಅಮೆರಿಕದ ಸರ್ವರಿನ ತಾಣಕ್ಕೆ ಏರಿಸುವುದಾದರೆ ಅಲ್ಲಿನ ಲೆಕ್ಕವೂ ಬೇಕು. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕಿದ್ದ ಪುಸ್ತಕಕ್ಕೆ ಅಲ್ಲಿ ಸಾಮಾನ್ಯವಾಗಿ ಪ್ರಕಟಣೆಯಿಂದ 95 ವರ್ಷ. ಅಂದರೆ 1955ರ ತ್ರಿವೇಣಿ ಕಾದಂಬರಿ ಮೈಸೂರಿನಲ್ಲಿ ಮುಕ್ತ, ಅಲ್ಲಿ 2050ರ ಕೊನೆಯವರೆಗೆ ಅಲ್ಲ. ಯಾವ ತಾಣಕ್ಕೆ ಹಾಕಿದರೂ ಕಡತದ ವಿವರಣೆಯಲ್ಲಿ ಲೇಖಕರು ತೀರಿಕೊಂಡ ವರ್ಷ, ಮೊದಲ ಮುದ್ರಣದ ವರ್ಷ, ಬಿಟ್ಟ ಪುಟಗಳ ಸಂಖ್ಯೆ ಬರೆದಿಡಿ.